ಗದ್ದಲ

"ಕೇಳತೈತೇನ್ರಿ ಮಾಮಾ?"
ಮಿರಜದ ದವಾಖಾನ್ಯಾಗ, ಕಾಟಿನ ಮ್ಯಾಲೆ,
ಮೊಣಕಾಲಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡ
ದಸ್ತಗೀರಸಾಬ ಜಾಬರ
ಎರಡೂ ಕೈ ತಿರುವಿ ಇಲ್ಲ ಅಂದ.
ಬಾಯಿ ಆಡತೈತಿ, ದನಿ ಇಲ್ಲ.

ಇಲ್ಲಿ ಬನಹಟ್ಟ್ಯಾಗ ಆರನೇ ಮಗ್ಗ
ನಿನ್ನೆ ಸಂಜಿಂದ ಲಾಳಿ ಉಗುಳಾಕತ್ತೈತಿ,
ಒಂದು ಸಲ ಗ್ವಾಡಿಗೆ, ಒಂದು ಸಲ ಬಾಳೇಶನ ಭುಜಕ್ಕ.
ಅರ್ಧ ಸೀರಿ ಹಂಗs ನಿಂತೈತಿ,
ಸೆರಗು ಇನ್ನೂ ಬರೂದೈತಿ.
ಅಂವಗ ಕೇಳಲಿ ಅಂತ ಉಳದ ಏಳೂ ನಿಲ್ಲಿಸೇವಿ.

ಮದಲ ಮೈಕಿನ ಚಿತ್ರಕ್ಕ ಕೆಂಪು ಗೆರಿ ಇತ್ತು. ತಗದೆ.
ಆದರೂ ಇಲ್ಲ.
ಆಮ್ಯಾಲೆ ನೋಡಿದರ
ಬಾಳೇಶನ ಕಿವ್ಯಾಗ ಇಡೂ ಆ ನೀಲಿ ಗುಬಟು
ದನಿಯೆಲ್ಲಾ ತಾನs ಇಸಗೊಂಡು
ಅವನ ಅಂಗಿ ಕಿಸೇದಾಗ ಕುಂತಿತ್ತು.
ಬ್ಲೂಟೂತ್ ಆರಿಸಿದೆ.
ಮಾಮಾನ ಕೆಮ್ಮು ಬಂತು.
ನನ್ನ ಮಾತು ಮಾತ್ರ ಅಲ್ಲಿ
ಕೌದಿ ಒಳಗಿಂದ ಬಂಧಂಗ ಅಂತ.

ಫೋನ ಹೊಳ್ಳಿಸಿ ತಳ ನೋಡಿದೆ.
ಸಾಸಿವಿಯಷ್ಟು ತೂತು,
ಅದರಾಗ ಎರಡು ವರ್ಷದ ನೂಲಿನ ಧೂಳು.
ನನ್ನ ಹುಬ್ಬಿನಾಗ, ರೊಟ್ಟಿ ಬುಟ್ಟ್ಯಾಗ ಕೂಡೂ ಧೂಳು
ಇದನ್ನ ಯಾಕ ಬಿಟ್ಟೀತು?
ಹಣಿಗಿ ಕೊಕ್ಕಿ ದಪ್ಪಾತು.
ಹಳೇ ಬ್ರಶ್ಶಿಲೆ ಹಗೂರಕ
ಕೂಸಿನ ಕಿವಿ ಒರಸಿಧಂಗ ಒರಸಿದೆ.
"ಹಾಂ, ಈಗ ಬಂತು ನೋಡು ನೀಲವ್ವಾ,
ಎದುರಿಗೆ ಕುಂತಂಗ ಕೇಳತೈತಿ.
ಮಗ್ಗ ಬಿಡು."

ಬಾಳೇಶ ಗುಂಡಿ ಒತ್ತಿದ.
ತಗಡಿನ ಮಾಡು ನಡಗತು, ಗಡಿಗ್ಯಾಗಿನ ನೀರು ನಡಗತು,
ಖಟ್ ಖಡಲ್, ಖಟ್ ಖಡಲ್,
ಫೋನ ಹಿಡದ ಬೆರಳಿಗೂ ಮುಟ್ಟತು.
ಮಾಮಾ ಕಾಯ್ಕೋತ ಕುಂತ.
"ಬಿಡು ಅಂದೆನಲ್ಲ."
"ಬಿಟ್ಟೈತ್ರಿ!"
"ನೀ ಒದರೂದು ಕೇಳತೈತಿ. ಮಗ್ಗ ಎಲ್ಲೈತಿ?"

ಎಂಟು ಮಗ್ಗದ ಶೆಡ್ಡಿನಾಗ ಹುಟ್ಟಿದಾಕಿ ನಾ.
ತೊಟ್ಟಿಲದಾಗ ಇದ್ದಾಗ
ಕರೆಂಟ ಹೋದರ ಎಚ್ಚರಾಗಿ ಅಳತಿದ್ನಂತ,
ಮಗ್ಗ ನಿಂತು ಊರೆಲ್ಲಾ ಸುಮ್ಮಾತಂತ.
ಅಂಥಾ ದನಿ
ಕೃಷ್ಣಾ ದಾಟೂದರಾಗ ಎಲ್ಲಿ ಹೋತು?

ಮೂರು ಚುಕ್ಕಿ ಒತ್ತಿದೆ. ಸೆಟ್ಟಿಂಗ್. ಆಡಿಯೋ.
ತಳಕ್ಕ, ಕಣ್ಣು ಕಿರಿದು ಮಾಡಿದರಷ್ಟ ಕಾಣೂ ಅಕ್ಷರದಾಗ:
ಹಿನ್ನೆಲೆ ಗದ್ದಲ ತೆಗೆಯಲಾಗುತ್ತಿದೆ.

ಯಾವದಪ್ಪಾ ಗದ್ದಲ?
ಮನಷ್ಯಾರ ಮಾತಷ್ಟ ದನಿ, ಉಳದದ್ದು ಕಸ ಅಂತ
ಎಲ್ಲೋ ಥಂಡ ಖೋಲ್ಯಾಗ ಕುಂತಾಂವ ಒಬ್ಬ
ಜರಡಿ ಹಿಡದಾನ,
ನುಚ್ಚು ಉಳಿಸಿ ಕಾಳು ಚೆಲ್ಲ್ಯಾನ.
ಆರಿಸಿದೆ.

ಮಗ್ಗ ಮದಲ ಬಂದದ್ದು ಮಾಮಾನ ಮಾರಿ ಮ್ಯಾಲೆ.
ಕಣ್ಣು ಮುಚ್ಚಿದ.
ಬಾಜೂ ಕಾಟಿನಾಂವ "ಸಣ್ಣ ಮಾಡ್ರಿ ಯಜಮಾನ್ರ" ಅಂದ.
ಮಾಮಾ ದೊಡ್ಡದು ಮಾಡಿದ.
"ಎಡಕ್ಕ ಹೊಡತ ಗಟ್ಟಿ ಐತಿ.
ಬಲಕ್ಕ ಬಂದು ಬೀಳೂದರಾಗ ಒಂದು ಎಳಿಯಷ್ಟು ತಡ.
ಅದು ಖಡ್ ಅನಬೇಕು, ನೀಲವ್ವಾ,
ಖಡಲ್ ಅನಬಾರದು.
ಬಲಗಡೆ ಪಿಕ್ಕರ್ ನೋಡು."

ನೋಡಿದಿವಿ.
ಲಾಳಿ ಮೂಗು ತಾಕಿ ತಾಕಿ
ಹೆಬ್ಬಟ್ಟು ಕೂಡೂವಷ್ಟು ಕುಣಿ.

ಹೊಸಾದು ಕೂಡಿಸೂತನ ಮಾಮಾ ಫೋನ ಇಡಲಿಲ್ಲ,
ಕೂಡಿಸಿದ ಮ್ಯಾಲೂ ಇಡಲಿಲ್ಲ.
"ಉಳದ ಏಳೂ ಬಿಡು" ಅಂದ.
"ಅವಕ್ಕೇನಾಗೈತ್ರಿ?"
"ಏನೂ ಆಗಿಲ್ಲ. ಬಿಡು."

ಡಾಟಾ ಉಳೀಲಿ ಅಂತ ಕ್ಯಾಮೆರಾ ಆರಿಸಿ
ಮೈಕು ತೆರದು
ಫೋನ ಕಿಡಕ್ಯಾಗ ಇಟ್ಟು ನಾ ಕಂಡಿಕಿ ಸುತ್ತಾಕ ಹೋದೆ.
ಮರತೂ ಬಿಟ್ಟೆ.

ಮಧ್ಯಾಹ್ನ ಕರೆಂಟ ಹೋತು.
ಎಂಟೂ ಒಮ್ಮೆಲೆ ನಿಂತು.
ಕಿಡಕ್ಯಾಗಿಂದ ಸಣ್ಣ ದನಿ, ನಿದ್ದಿಗಣ್ಣಿಂದು:
"ನೀಲವ್ವಾ,
ಮತ್ತ ಮ್ಯೂಟ್ ಆತೇನು ನೋಡು."